ಅಕ್ಕನಿಗೆ ಗಾಳಿ ಹುಡುಕುತ್ತ

ಗೋಕಾಕದಲ್ಲಿ ಬಸ್ ನಿಲ್ದಾಣದಿಂದ ಮಾರುಕಟ್ಟೆಯ ಕಡೆಗೆ ಹೊರಳುವ ರಸ್ತೆಯಲ್ಲಿ ನನ್ನ ಅಕ್ಕ ಖಾನಾವಳಿ ನಡೆಸುತ್ತಿದ್ದಳು. ಬೋರ್ಡು ಇರಲಿಲ್ಲ. ಊರಿಗೆಲ್ಲ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ಕೋರ್ಟಿಗೆ ಬಂದವರು, ಕಾಲೇಜಿನ ಹುಡುಗರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ "ಮಾವಶಿ ಖಾನಾವಳಿ ಎಲ್ಲೈತ್ರಿ?" ಎಂದು ಕೇಳಿಕೊಂಡು ಬರುತ್ತಿದ್ದರು. ಕೇಳದಿದ್ದರೂ ಸಿಗುತ್ತಿತ್ತು. ಸೌದೆ ಒಲೆಯ ಮೇಲೆ ಬೇಯುವ ಜೋಳದ ರೊಟ್ಟಿಯ ವಾಸನೆ ರಸ್ತೆಯ ಆಚೆ ದಂಡೆಗೂ ಬರುತ್ತಿತ್ತು.

ಭಾವ ತೀರಿಕೊಂಡಾಗ ಅವಳ ಮಗಳಿನ್ನೂ ಸಣ್ಣ ಹುಡುಗಿ. ನಮ್ಮ ತವರು ಘೋಡಗೇರಿ. ಅಲ್ಲಿಂದ ತಮ್ಮ ಬಂದು "ಮನಿಗೆ ನಡಿ ಯಕ್ಕಾ" ಎಂದು ಕರೆದ. ಅಕ್ಕ ಹೋಗಲಿಲ್ಲ. "ನನಗ ರೊಟ್ಟಿ ಬಡಿಯಾಕ ಬರ್ತೈತಿ. ಬಡಕೊಂಡು ಇರ್ತೇನಿ" ಎಂದು ಒಂದು ಉದ್ದನೆಯ ಅಂಗಡಿಯನ್ನು ಬಾಡಿಗೆಗೆ ಹಿಡಿದಳು. ಒಳಗೆ ಒಲೆ ಹೂಡಿದರೆ ಉಣ್ಣುವವರ ಕಣ್ಣಿಗೆ ಹೊಗೆ ಬರುತ್ತದೆಂದು ಬಾಗಿಲ ಬಳಿಯೇ ಹೂಡಿದಳು. ಹೀಗಾಗಿ ಅವಳು ದಿನವಿಡೀ ಕುಳಿತಿರುತ್ತಿದ್ದ ಜಾಗದಲ್ಲಿ ಮುಂದೆ ಒಲೆ, ಬೆನ್ನಿಗೆ ರಸ್ತೆ. ಒಲೆಯ ಹೊಗೆ ಮುಖಕ್ಕೆ, ಬಸ್ಸಿನ ಹೊಗೆ ಹೆಗಲಿಗೆ.

ನಾನು ಅದೇ ಊರಿನ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ನಮ್ಮ ಮನೆ ಅವಳ ಖಾನಾವಳಿಯಿಂದ ಎರಡು ಓಣಿ ಆಚೆ. ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, ಬಿಸಿ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ತಿಂದು ಮನೆಗೆ ಹೋಗುವುದು ನನ್ನ ರೂಢಿ. ಆಗೆಲ್ಲ ರಸ್ತೆ ಇಷ್ಟು ತುಂಬಿರಲಿಲ್ಲ. ವರ್ಷ ಕಳೆದಂತೆ ಆಟೋಗಳು ಹೆಚ್ಚಾದವು, ರಸ್ತೆ ಅಗೆದು ಹಾಕಿದರು, ಮುಚ್ಚಿದರು, ಮತ್ತೆ ಅಗೆದರು. ಕಬ್ಬಿನ ಹಂಗಾಮು ಸುರುವಾದರೆ ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳು ದೊಡ್ಡ ಸದ್ದಿನಲ್ಲಿ ಹಾಡು ಹಾಕಿಕೊಂಡು ಸಾಲಾಗಿ ಹೋಗುತ್ತಿದ್ದವು. ಸಂಜೆಯಾದರೆ ಅಂಗಡಿಯವರು ತಮ್ಮ ತಮ್ಮ ಕಸ ಗುಡಿಸಿ, ಪ್ಲಾಸ್ಟಿಕ್ಕನ್ನೂ ಸೇರಿಸಿ, ಗಟಾರದ ದಂಡೆಗೆ ಒಟ್ಟಿ ಕಡ್ಡಿ ಗೀರುತ್ತಿದ್ದರು. ಅದನ್ನು ನಾವು ಸ್ವಚ್ಛತೆ ಎಂದೇ ತಿಳಿದಿದ್ದೆವು. ಚಳಿಗಾಲದ ಮುಂಜಾನೆ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಎಲ್ಲಿಂದಲೋ ಕರಿ ಬೂದಿ ಬಂದು ಬಿದ್ದಿರುತ್ತಿತ್ತು. ಝಾಡಿಸಿ ಮಡಚಿಡುತ್ತಿದ್ದೆವು.

ಅಕ್ಕನ ಕೆಮ್ಮು ಯಾವಾಗ ಸುರುವಾಯಿತೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಮೊದಮೊದಲು ಮುಂಜಾನೆ ಹಿಟ್ಟು ನಾದುವಾಗ ಮಾತ್ರ ಕೆಮ್ಮುತ್ತಿದ್ದಳು. "ಧೂಳಿನ ಕೆಮ್ಮು" ಎಂದಳು ಅವಳು. ನಾವೂ ಹಾಗೇ ಅಂದೆವು. ಆ ಓಣಿಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ಹಣ್ಣಿನ ಗಾಡಿಯವನು, ಪಂಕ್ಚರ್ ತಿದ್ದುವವನು, ಎದುರಿನ ಬಟ್ಟೆ ಅಂಗಡಿಯವರ ಸೊಸೆ. ಎಲ್ಲರಿಗೂ ಇರುವ ಕೆಮ್ಮನ್ನು ಯಾರು ಬೇನೆ ಅನ್ನುತ್ತಾರೆ? ಅರಿಶಿನದ ಹಾಲು, ಶುಂಠಿ ಕಷಾಯ, ಔಷಧ ಅಂಗಡಿಯ ಕೆಂಪು ಬಾಟಲಿ, ಹೀಗೆ ಬಹಳ ಕಾಲ ಹೋಯಿತು. ಆಮೇಲೆ ನೀರಿನ ಕೊಡ ಎತ್ತಿದರೆ ಕುಳಿತುಕೊಳ್ಳಲು ಸುರುಮಾಡಿದಳು. ರೊಟ್ಟಿ ಬಡಿಯುವಾಗ ನಡುನಡುವೆ ಕೈ ನಿಲ್ಲಿಸಿ, ಬಾಯಿ ತೆರೆದು, ಹಿಟ್ಟಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು.

ಊರಲ್ಲಿ ಮಾತು ಹಬ್ಬಿತು: ಮಾವಶಿಗೆ ಟಿಬಿ ಆಗೇತಿ. ಯಾರು ಅಂದರೋ ಗೊತ್ತಿಲ್ಲ. ಕಾಲೇಜಿನ ಹುಡುಗರು ಮೊದಲು ಬಿಟ್ಟರು, ಆಮೇಲೆ ಊಟದ ಡಬ್ಬಿ ಒಯ್ಯುತ್ತಿದ್ದವರು. ಅಕ್ಕ ಯಾರ ಜೊತೆಗೂ ಜಗಳವಾಡಲಿಲ್ಲ. ಒಂದು ದಿನ ನನ್ನ ಕೈ ಹಿಡಿದು, "ಖರೆನ ಟಿಬಿ ಇದ್ರ ನನ್ನ ಕೈಯಾಗಿನ ಅನ್ನ ಉಂಡವರಿಗೆ ನಾ ಏನ ಉತ್ತರ ಕೊಡ್ಲಿ? ನಡಿ, ತೋರಿಸೋಣ" ಎಂದಳು. ತನಗೆ ಏನಾಗಿದೆಯೋ ಅನ್ನುವ ಅಂಜಿಕೆಗಿಂತ ಉಂಡವರ ಚಿಂತೆ ಅವಳಿಗೆ ಹೆಚ್ಚಾಗಿತ್ತು.

ಘಟಪ್ರಭಾದ ಒಂದು ದವಾಖಾನೆಗೆ ಹೋದೆವು. ಕಫದ ಪರೀಕ್ಷೆಯಾಯಿತು, ಎಕ್ಸ್‌ರೇ ಆಯಿತು, ಒಂದು ಯಂತ್ರದ ಕೊಳವೆಯಲ್ಲಿ ಜೋರಾಗಿ ಊದಲು ಹೇಳಿದರು. ಅಕ್ಕ ಊದಿದಳು, ಅರ್ಧಕ್ಕೇ ಉಸಿರು ಮುಗಿಯಿತು. ವಯಸ್ಸಾದ ಡಾಕ್ಟರು ಎಲ್ಲವನ್ನೂ ನೋಡಿ ಸಮಾಧಾನವಾಗಿ ಕೇಳಿದರು:

"ಟಿಬಿ ಇಲ್ಲ, ಅಂಜಬ್ಯಾಡ್ರಿ. ಬೀಡಿ ಎಷ್ಟ ವರ್ಷದಿಂದ ಸೇದ್ತೀರಿ, ತಾಯಿ?"

ಅಕ್ಕ ನನ್ನ ಮುಖ ನೋಡಿದಳು. "ಯವ್ವಾ, ಇವರು ನನಗ ಏನ ಕೇಳಾಕತ್ತಾರ!" ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ನಮ್ಮ ತವರಮನ್ಯಾಗ, ಗಂಡನ ಮನ್ಯಾಗ ಯಾರೂ ಎಲಿ ಅಡಕಿ ಬಿಟ್ಟು ಬ್ಯಾರೆ ಏನೂ ಮುಟ್ಟಿಲ್ರಿ" ಎಂದಳು.

"ಮತ್ತ ಕೆಲಸ ಏನ್ ಮಾಡ್ತೀರಿ?"

"ಖಾನಾವಳಿ ಐತ್ರಿ. ಗೋಕಾಕ ಬಸ್ ಸ್ಟ್ಯಾಂಡ್ ಬಾಜೂಕ. ಸೌದಿ ಒಲಿ ಮ್ಯಾಲೆ ರೊಟ್ಟಿ ಮಾಡ್ತೇನ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಂಗಾರ ಸೇದೀರಿ, ತಾಯಿ. ನೀವು ಕಡ್ಡಿ ಗೀರಿಲ್ಲ, ಅಷ್ಟ."

ಪುಪ್ಪುಸದ ಸಣ್ಣ ಸಣ್ಣ ನಾಳಗಳು ಕಿರಿದಾಗಿಬಿಟ್ಟಿವೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ತಿಳಿಸಿ ಹೇಳಿದರು. ದಿನಾ ಬಾಯಿಗೆ ಹಿಡಿದು ಉಸಿರಿನ ಜೊತೆ ಎಳೆದುಕೊಳ್ಳುವ ಔಷಧದ ಪಂಪು ಬರೆದುಕೊಟ್ಟರು. ಒಲೆ ಬಿಡಬೇಕು, ಆ ರಸ್ತೆ ಬಿಡಬೇಕು ಎಂದರು. "ಒಳ್ಳೆ ಗಾಳಿ ಇದ್ದಲ್ಲಿ ಇರ್ರಿ" ಎಂದು ಬಾಗಿಲವರೆಗೂ ಬಂದು ಮತ್ತೊಮ್ಮೆ ಹೇಳಿದರು.

ಅಕ್ಕ ಒಲೆ ತೆಗೆದು ಗ್ಯಾಸ್ ತಂದಳು. ಪರೀಕ್ಷೆಯಲ್ಲಿ ಟಿಬಿ ಇಲ್ಲವೆಂದು ತಿಳಿದು ಮರಳಿ ಬಂದ ಗಿರಾಕಿಗಳು ಈಗ, "ಮಾವಶಿ, ರೊಟ್ಟಿಗೆ ಮೊದಲಿನ ರುಚಿ ಇಲ್ರಿ" ಎಂದರು. ಅದು ಸುಳ್ಳೂ ಆಗಿರಲಿಲ್ಲ. ಆ ಹೊಗೆಯ ವಾಸನೆಯನ್ನೇ ನಾವೆಲ್ಲ ಅಷ್ಟು ವರ್ಷ ರುಚಿ ಎಂದು ಹೊಗಳಿ ಹೊಗಳಿ ಉಂಡಿದ್ದೆವು. ಒಲೆ ಹೋದರೂ ಬೆನ್ನ ಹಿಂದಿನ ರಸ್ತೆ ಹೋಗಲಿಲ್ಲ. ಪಂಪನ್ನು ಅವಳು ಸೊಂಟದ ಚಂಚಿಯಲ್ಲಿ ಅಡಿಕೆ ಹೋಳುಗಳ ಕೆಳಗೆ ಮುಚ್ಚಿಡುತ್ತಿದ್ದಳು. ಯಾರಾದರೂ ಕಂಡರೆ ಮತ್ತೆ ಮಾತು ಹುಟ್ಟುತ್ತದೆಂಬ ಅಂಜಿಕೆ. ಹಿಂದಿನ ಬಾಗಿಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಎಳೆದುಕೊಂಡು ಬರುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಉಣಬಡಿಸುವಾಗ ಗೋಡೆಗೆ ಆನಿಕೊಂಡು ಕುಸಿದಾಗ, ಖಾನಾವಳಿಯನ್ನು ಅಲ್ಲೇ ಕೆಲಸ ಮಾಡುತ್ತಿದ್ದ ಹೆಂಗಸಿಗೆ ಒಪ್ಪಿಸಿ, ಒಳ್ಳೆಯ ಗಾಳಿ ಹುಡುಕಿಕೊಂಡು ಹೊರಟೆವು.

ಮೊದಲು ಮೂಡಲಗಿಗೆ. ಅಕ್ಕನ ಮಗಳನ್ನು ಅಲ್ಲಿಗೇ ಕೊಟ್ಟಿತ್ತು. ಊರ ಹೊರಗಿನ ಹೊಸ ಮನೆ, ಸುತ್ತ ಹೊಲ. ಬೀಗರು ಒಳ್ಳೆಯವರು, ಅಕ್ಕನಿಗೆ ಗಾಳಿ ಬರುವ ಕೋಣೆಯನ್ನೇ ಬಿಟ್ಟುಕೊಟ್ಟರು. ಕೆಲವು ದಿನ ಚೆನ್ನಾಗಿಯೇ ಇದ್ದಳು. ಆಮೇಲೆ ಅಕಾಲದ ಮಳೆಯೊಂದು ಬಂತು. ಹೊಲದಾಚೆಯ ಬೆಲ್ಲದ ಗಾಣದಲ್ಲಿ ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ತೊಯ್ದು ಹೋಯಿತು. ಒಲೆ ಆರಬಾರದೆಂದು ಅವರು ಹಳೇ ಟಯರು, ಪ್ಲಾಸ್ಟಿಕ್ಕು ಹಾಕತೊಡಗಿದರು. ಕರಿ ಹೊಗೆ ನೇರವಾಗಿ ಈ ಮನೆಯ ಕಿಟಕಿಗೆ ಬಂತು. ಅಳಿಯ ಹೋಗಿ ಕೇಳಿದ. "ಸಿಪ್ಪಿ ಒಣಗಿಂದ ಬಂದ್ ಮಾಡ್ತೇವ್ರಿ, ನಾಕ ದಿನದ ಮಾತು" ಎಂದರಂತೆ. ಅಕ್ಕನಿಗೆ ನಾಲ್ಕು ದಿನ ತಡೆಯುವ ಶಕ್ತಿ ಇರಲಿಲ್ಲ. ಯಾರಿಗೂ ಹೇಳದೆ ಬಸ್ಸು ಹತ್ತಿ ಗೋಕಾಕಕ್ಕೆ ಬಂದು ನಮ್ಮ ಬಾಗಿಲಲ್ಲಿ ನಿಂತಳು.

"ಯಾಕ ಯಕ್ಕಾ, ಒಬ್ಬಾಕಿನ ಬಂದಿ?"

"ಮಗಳ ಮನ್ಯಾಗ ಕೆಮ್ಮಕೋತ ಕುಂತ್ರ ಬೀಗರಿಗೂ ನಿದ್ದಿ ಇಲ್ಲ. ಅವರು ಏನೂ ಅನ್ನಲಿಲ್ಲ. ಅದಕ್ಕ ಬಂದೆ" ಎಂದಳು.

ಕೊನೆಗೆ ಘೋಡಗೇರಿಗೇ ಹೋದಳು. ತಮ್ಮನ ಮನೆ ಹೊಲದಲ್ಲೇ ಇದೆ. ಅಲ್ಲಿ ಬಸ್ಸಿಲ್ಲ, ಬಜಾರಿಲ್ಲ. ಬಂದ ಮೊದಲ ತಿಂಗಳಲ್ಲೇ ಅವಳ ಮುಖಕ್ಕೆ ಬಣ್ಣ ಬಂತು. ಬೆಳಗಿನ ಬಿಸಿಲಿಗೆ ಕುಳಿತು ಶೇಂಗಾ ಸುಲಿಯುವಳು, ಹೊಲದ ಬದುವಿನವರೆಗೆ ನಡೆದು ಬರುವಳು. ಫೋನಿನಲ್ಲಿ ಅವಳ ಧ್ವನಿ ಕೇಳಿ ನಾನು, ತಮ್ಮ ಫೋನನ್ನು ಅವಳಿಗೇ ಕೊಟ್ಟಿದ್ದಾನೋ ಬೇರೆ ಯಾರಿಗೋ ಎಂದು ಒಂದು ಕ್ಷಣ ಅನುಮಾನಪಟ್ಟದ್ದುಂಟು. "ಇಲ್ಲಿ ಉಸಿರು ತಾನ ಒಳಗ ಬರ್ತೈತಿ ನೋಡ, ಜಗ್ಗೂದ ಬ್ಯಾಡ" ಎಂದಳು. ಗೆದ್ದೆವು ಅಂದುಕೊಂಡೆ.

ಆ ಹಂಗಾಮಿನಲ್ಲಿ ತಮ್ಮನ ಹೊಲದ ಕಬ್ಬು ಕಡಿದು ಹೋಯಿತು. ಕಡಿದ ಮೇಲೆ ಹೊಲದ ತುಂಬ ಒಣ ಎಲೆ, ನಾವು ರವದಿ ಅನ್ನುತ್ತೇವೆ, ಮೊಣಕಾಲುದ್ದ ಬಿದ್ದಿರುತ್ತದೆ. ಕಡಿದ ಬುಡದ ಕೂಳೆ ಮತ್ತೆ ಚಿಗುರಬೇಕಾದರೆ ಅದನ್ನು ತೆಗೆಯಬೇಕು. ತೆಗೆಯುವುದೆಂದರೆ ಬೆಂಕಿ ಹಚ್ಚುವುದು. ನಮ್ಮ ಅಪ್ಪ ಹಚ್ಚುತ್ತಿದ್ದ, ಎಲ್ಲರೂ ಹಚ್ಚುತ್ತಾರೆ. ತಮ್ಮ ಅಕ್ಕನನ್ನು ಮರೆತಿರಲಿಲ್ಲ. ಗಾಳಿ ಮನೆಯಿಂದ ಆಚೆಗೆ ಬೀಸುತ್ತಿದೆಯೇ ಎಂದು ಮಣ್ಣು ಎತ್ತಿ ತೂರಿ ನೋಡಿದ್ದ. ಅದು ಶನಿವಾರ, ಶಾಲೆ ಬೇಗ ಬಿಟ್ಟಿದ್ದರಿಂದ ನಾನು ಅವಳಿಗೆ ಹೊಸ ಪಂಪು ತೆಗೆದುಕೊಂಡು ಬಂದು ಅಂಗಳದಲ್ಲಿ ಕುಳಿತಿದ್ದೆ. ಬೆಂಕಿ ಹತ್ತಿ ಅರ್ಧ ಹೊಲ ಉರಿಯುವಷ್ಟರಲ್ಲಿ ಗಾಳಿ ತಿರುಗಿತು. ಹಳದಿ ಹೊಗೆ ನೆಲ ಹಿಡಿದು ಉರುಳುತ್ತ ಮನೆಯ ಕಡೆಗೆ ಬಂತು. ಬಾಗಿಲು ಹಾಕಿದೆವು, ಕಿಟಕಿಗೆ ಒದ್ದೆ ಬಟ್ಟೆ ತುರುಕಿದೆವು. ಹಂಚಿನ ಸಂದಿಯಿಂದ ಇಳಿಯುವ ಹೊಗೆಗೆ ಏನು ಮಾಡುವುದು? ಅಕ್ಕನ ತುಟಿ ನೀಲಿಯಾಗತೊಡಗಿತು. ತಮ್ಮನಂತೂ ಹೊಲದಲ್ಲಿ, ಬಾಜೂಕಿನವರ ನಿಂತ ಕಬ್ಬಿಗೆ ಬೆಂಕಿ ಹಾರದಂತೆ ಹಸಿ ಟೊಂಗೆಯಿಂದ ಬಡಿಯುತ್ತಿದ್ದ, ಬಿಟ್ಟು ಬರುವಂತಿರಲಿಲ್ಲ. ನಾನು ಅವನ ಹೆಂಡತಿಯ ಜೊತೆ ಅಕ್ಕನನ್ನು ಎತ್ತಿ ಪಕ್ಕದ ಮನೆಯವರ ಟಂಟಂ ರಿಕ್ಷಾದಲ್ಲಿ ಕೂರಿಸಿಕೊಂಡು ಘಟಪ್ರಭಾಕ್ಕೆ ಹೊರಟೆ.

ಊರು ಸಮೀಪಿಸಿದಾಗ ರೈಲ್ವೆ ಗೇಟು ಬಿದ್ದಿತ್ತು.

ಮುಂದೆ ಲಾರಿ, ಕಬ್ಬಿನ ಟ್ರ್ಯಾಕ್ಟರು, ಆಟೋ, ಬೈಕು ಎಲ್ಲ ಸೇರಿ ಉದ್ದನೆಯ ಸಾಲು. ಎಲ್ಲರ ಇಂಜಿನ್ನೂ ಸುರುವಿತ್ತು. ಹೊಗೆ ಎಲ್ಲಿಗೂ ಹೋಗದೆ ನಮ್ಮ ಸುತ್ತಲೇ ನಿಂತಿತ್ತು. ಅಕ್ಕ ನನ್ನ ಸೆರಗು ಹಿಡಿದು ಹೊರಗೆ ಕೈ ತೋರಿಸಿದಳು, ಮಾತು ಬರಲಿಲ್ಲ. ನಾನು ಇಳಿದೆ. ಮುಂದಿನ ಲಾರಿಯ ಬಾಗಿಲು ಬಡಿದೆ.

"ಅಣ್ಣಾರ, ಗಾಡಿ ಬಂದ್ ಮಾಡ್ರಿ. ಹಿಂದ ನಮ್ಮ ಅಕ್ಕಗ ದಮ್ಮ ಹತ್ತೇತಿ."

"ಈಗ ರೈಲ ಬರ್ತೈತ್ರಿ ಅಕ್ಕಾರ. ಸ್ಟಾರ್ಟರ್ ಕೆಟ್ಟೈತಿ, ಬಂದ್ ಮಾಡಿದ್ರ ಮತ್ತ ಸುರು ಆಗೂದಿಲ್ಲ."

"ಆಗದಿದ್ರ ನಾವ ಎಲ್ಲಾರೂ ಕೂಡಿ ದಬ್ಬತೇವ್ರಿ. ಬಂದ್ ಮಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ಅವನು ನನ್ನ ಮುಖವನ್ನೂ ಹಿಂದಿನ ಟಂಟಂ ಅನ್ನೂ ನೋಡಿ ಬಂದ್ ಮಾಡಿದ. ಟ್ರ್ಯಾಕ್ಟರಿನವನಿಗೆ ಅವನ ಹಾಡಿನ ಸದ್ದಿನಲ್ಲಿ ನನ್ನ ಮಾತು ಕೇಳಲಿಲ್ಲ. ಕೈಯಾಡಿಸಿ ಕೂಗಿದ ಮೇಲೆ ಮೊದಲು ಹಾಡು ನಿಲ್ಲಿಸಿದ, ಆಮೇಲೆ ಇಂಜಿನ್ನು. ಬೈಕಿನ ಹಿಂದೆ ಕುಳಿತಿದ್ದ ಗುರುತಿಲ್ಲದ ಹೆಂಗಸೊಬ್ಬಳು ಇಳಿದು ಆಚೆ ಸಾಲಿಗೆ ಹೋಗಿ ನನ್ನಂತೆಯೇ ಕೇಳತೊಡಗಿದಳು. ಕಾರಿನವನೊಬ್ಬ ಗಾಜು ಏರಿಸಿಕೊಂಡ, ಕೇಳಿಸಲಿಲ್ಲವೆಂಬಂತೆ. ಉಳಿದವರು ಒಬ್ಬರ ನಂತರ ಒಬ್ಬರು ಬಂದ್ ಮಾಡಿದರು. ಸದ್ದು ಕಡಿಮೆಯಾಗುತ್ತ ಬಂದಂತೆ, ಅಷ್ಟು ದೂರದಿಂದಲೂ, ಅಕ್ಕನ ಉಸಿರಿನ ಸದ್ದು ನನಗೆ ಕೇಳಿಸಿತು. ಒಡಕು ತಿದಿ ಒತ್ತಿದಂಥ ಸದ್ದು. ಅದು ಎಲ್ಲರಿಗೂ ಕೇಳಿಸಿತು.

ರೈಲು ಹೋಯಿತು. ಗೇಟು ಏಳುತ್ತಿದ್ದಂತೆ ಆ ಲಾರಿಯವನೇ ಕೆಳಗಿಳಿದು ರಸ್ತೆಯ ನಡುವೆ ನಿಂತು ಕೂಗಿದ: "ಯಾರೂ ಸುರು ಮಾಡಬ್ಯಾಡ್ರಿ! ಮೊದಲ ಟಂಟಂ ಹೋಗಲಿ!"

ದವಾಖಾನೆಯಲ್ಲಿ ಆಮ್ಲಜನಕ ಹಚ್ಚಿದರು. ಸಂಜೆಗೆ ತುಟಿಯ ಬಣ್ಣ ತಿರುಗಿತು. ಆಗ ತಮ್ಮ ಓಡಿಬಂದ. ಬಾಗಿಲಲ್ಲೇ ನರ್ಸಮ್ಮ ತಡೆದಳು. "ನಿಮ್ಮ ಅಂಗಿ ತುಂಬ ಹೊಗಿ ವಾಸನಿ ಐತ್ರಿ. ಪೇಶಂಟ್ ಹಂತ್ಯಾಕ ಬರಬ್ಯಾಡ್ರಿ." ಅವನು ತನ್ನ ಎದೆಯನ್ನೇ ಮೂಸಿ ನೋಡಿಕೊಂಡು, ಹೊರಟುಹೋದ. ಬಹಳ ಹೊತ್ತಿನ ಮೇಲೆ ಬಂದ. ಎಲ್ಲೋ ನಲ್ಲಿಯ ಕೆಳಗೆ ಮೈ ತಿಕ್ಕಿಕೊಂಡಿದ್ದ, ಬಜಾರಿನಿಂದ ಹೊಸ ಅಂಗಿ ಕೊಂಡು ಹಾಕಿಕೊಂಡಿದ್ದ. ಅಂಗಿಯ ಮಡಿಕೆಗಳು ಇನ್ನೂ ಹಾಗೇ ನಿಂತಿದ್ದವು. ಕೂದಲಿಂದ ನೀರು ಇಳಿಯುತ್ತಿತ್ತು. ಮಂಚದ ಕಾಲ ಬಳಿ ನಿಂತು ಅತ್ತ.

ಅಕ್ಕ ಮುಖದ ಮೇಲಿನ ಮಾಸ್ಕು ಸರಿಸಿ, "ಅಂಗಿ ಚಂದ ಐತಿ" ಎಂದಳು.

"ಯಕ್ಕಾ, ನನ್ನ ಕೈಯಾರೆ ನಿನ್ನ ಕೊಲ್ಲತಿದ್ದೆ."

"ಹುಚ್ಚ. ನಿಂದೊಂದ ಹೊಗಿ ಅಲ್ಲೋ. ನನ್ನ ಒಲಿದು ಐತಿ, ಬಸ್ಸಿಂದು ಐತಿ, ಕಸದ್ದು ಐತಿ. ಯಾರ ಹೊಗಿ ಎಷ್ಟ ಅಂತ ತೂಗಿ ತಗೀಲಿ?" ಎಂದು, ಸ್ವಲ್ಪ ಸುಧಾರಿಸಿಕೊಂಡು, "ಆದ್ರ ಮುಂದಿನ ವರ್ಷ ಹಚ್ಚಬ್ಯಾಡ" ಎಂದಳು.

ಅವನು ಹಚ್ಚಲಿಲ್ಲ. ರವದಿಯನ್ನು ಸಾಲುಗಳ ನಡುವೆ ಹಾಸಿ ಕೊಳೆಯಲು ಬಿಟ್ಟ. ಊರವರು ನಕ್ಕರು, ಇಲಿ ಆಗುತ್ತವೆ ಎಂದರು. ಬಾಜೂಕಿನ ಹೊಲದವನೊಬ್ಬ ಮಾತ್ರ ಅವನನ್ನು ನೋಡಿ ಹಾಗೇ ಮಾಡಿದ. ಉಳಿದ ಹೊಲಗಳು ಉರಿದವು.

ಅಕ್ಕ ಮತ್ತೆ ಘೋಡಗೇರಿಗೆ ಹೋಗಲಿಲ್ಲ. ಆಪತ್ತಿಗೆ ಊರಲ್ಲೇ ಒಂದು ದವಾಖಾನೆ ಇರಬೇಕೆಂದು ಗೋಕಾಕದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು. ಕಿಟಕಿ ಮುಚ್ಚಿರಬೇಕಿತ್ತು. ಬದುಕಿಡೀ ಬಾಗಿಲಲ್ಲಿ ಕುಳಿತು ಹೋಗುವ ಬರುವವರನ್ನು ಮಾತಾಡಿಸಿದವಳಿಗೆ ಅದೇ ದೊಡ್ಡ ಸೆರೆ. "ಹೊರಗ ಯಾರ ಹೋದ್ರು?" ಎಂದು ಸಪ್ಪಳ ಕೇಳಿ ಕೇಳುತ್ತಿದ್ದಳು.

ಒಂದು ಮಳೆಗಾಲ, ನಾಲ್ಕಾರು ದಿನ ಜಡಿ ಹಿಡಿದು ಬಿಟ್ಟ ಮೇಲೆ, ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋಗೆಂದು ಹಟ ಹಿಡಿದಳು. ಹೊಳೆ ತುಂಬಿ ಕೆಂಪಾಗಿ ಬೀಳುತ್ತಿತ್ತು. ನೀರಿನ ತುಂತುರು ಮುಖಕ್ಕೆ ಬರುತ್ತಿತ್ತು. ಗಾಳಿಯನ್ನು ಯಾರೋ ತೊಳೆದು ಹರವಿದಂತಿತ್ತು. ಅಕ್ಕ ಕಟ್ಟೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಎಷ್ಟೋ ವರ್ಷಗಳ ಮೇಲೆ ಪೂರ್ತಿ ಉಸಿರು ಎಳೆದುಕೊಂಡಳು. ಕೆಮ್ಮು ಬರಲಿಲ್ಲ. ಗೋವಿನಜೋಳದ ತೆನೆ ಸುಡುತ್ತಿದ್ದವಳನ್ನು ಕಂಡು ತನಗೂ ಬೇಕೆಂದಳು. ಇದ್ದಲಿನ ಹೊಗೆ ಬಾರದ ಕಡೆಗೆ ನಾವೇ ಸರಿದು ಕುಳಿತು ತಿಂದೆವು. "ಗಾಳಿ ಹಿಂಗ ಇದ್ದಿದ್ರ ನಾ ಇನ್ನೂ ರೊಟ್ಟಿ ಬಡೀತಿದ್ನೆಲ್ಲ" ಎಂದಳು. ಅದರಲ್ಲಿ ದೂರು ಇರಲಿಲ್ಲ. ಆಸೆ ಇತ್ತು. ದೂರು ಇದ್ದಿದ್ದರೆ ನನಗೆ ಕೇಳಲು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಆ ಚಳಿಗಾಲದಲ್ಲಿ, ಮಂಜು ಮತ್ತು ಹೊಗೆ ಕೂಡಿ ಮಧ್ಯಾಹ್ನದವರೆಗೂ ಊರ ಮೇಲೆ ನಿಲ್ಲುತ್ತಿದ್ದ ದಿನಗಳಲ್ಲಿ, ಅವಳು ಹೋದಳು. ಮಧ್ಯಾಹ್ನ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ಏಳಲಿಲ್ಲ. ಅರವತ್ತೂ ಆಗಿರಲಿಲ್ಲ ಅವಳಿಗೆ.

ಮಾತಾಡಿಸಲು ಬಂದವರಿಂದ ಅಂಗಳ ತುಂಬಿತ್ತು. ಅವಳ ಕೈಯಲ್ಲಿ ಉಂಡವರೇ ಹೆಚ್ಚು. ಹಿರಿಯರೊಬ್ಬರು ಕೇಳಿದರು: "ಏನಾಗಿತ್ರಿ ಅವ್ವಗ?"

"ದಮ್ಮು" ಎಂದೆ.

"ಅದು ಮನೆತನದಾಗ ಬರೂ ಬ್ಯಾನಿರಿ. ಹಣಿಬರಾ" ಎಂದು ಅವರು ತಲೆಯಾಡಿಸಿದರು.

ಗೋಡೆಗೆ ಒರಗಿ ಕುಳಿತಿದ್ದ ತಮ್ಮ ತಲೆಯೆತ್ತಿದ. "ಇಲ್ರಿ ಕಾಕಾ. ನಮ್ಮ ಮನೆತನದಾಗ ಯಾರಿಗೂ ಇರಲಿಲ್ಲ. ನಮ್ಮ ಅಕ್ಕ ಹೊಗಿ ಕುಡದು ಹೋದ್ಲು."

"ಹೊಗಿ ಎಲ್ಲಾರೂ ಕುಡೀತೇವಲ್ಲೋ ತಮ್ಮಾ."

"ಹೌದ್ರಿ. ಎಲ್ಲಾರೂ ಕುಡೀತೇವಿ."

ಅಷ್ಟರಲ್ಲಿ ಒಳಗಿನಿಂದ ಯಾರೋ ಚಹಾ ತಂದರು. ಬಂದವರು ಕಪ್ಪು ಹಿಡಿದುಕೊಂಡು, ಚಹಾ ಪೂರ್ತಿ ಆರಿದರೂ ಕುಡಿಯದೆ ಕುಳಿತಿದ್ದರು.